ಊರು ಬಿಟ್ಟವರ ವಂಶಾವಳಿ

ನಮ್ಮ ಭಾಗದಲ್ಲಿ, ಎಂದರೆ ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಗೆ, ಹೆಳವರು ಬಂದರೆಂದರೆ ಮನೆಯ ಹಿರಿಯರು ಕೆಲಸ ಬಿಟ್ಟು ಕಟ್ಟೆಗೆ ಬಂದು ಕೂಡುತ್ತಿದ್ದರು. ಎತ್ತಿನ ಮೇಲೆ ಗಂಟೆಯ ಸಪ್ಪಳದೊಂದಿಗೆ ಬರುವ ಹೆಳವನು ಆ ಮನೆತನದ ಮೂಲಪುರುಷನಿಂದ ತೊಡಗುತ್ತಾನೆ. ಯಾರಿಗೆ ಎಷ್ಟು ಮಕ್ಕಳು, ಯಾವ ಹೆಣ್ಣನ್ನು ಯಾವ ಊರಿಗೆ ಕೊಟ್ಟರು, ಮನೆತನವು ಎಲ್ಲಿಂದ, ಏಕೆ ಎದ್ದುಬಂದಿತು ಎಂಬುದನ್ನೆಲ್ಲ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ತನ್ನ ಪುಸ್ತಕಕ್ಕೆ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಾನೆ. ಈ ವೃತ್ತಿ ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಒಕ್ಕಲುತನದ ಮನೆಗೆ ಹೀಗೆ ಒಬ್ಬ ಚರಿತ್ರಕಾರನಿದ್ದಾನೆ. ಆದರೆ ಹೊಲ ಮಾರಿ, ಅಥವಾ ಮಾರಲು ಹೊಲವೇ ಇಲ್ಲದೆ, ದುಡಿಯಲೆಂದು ಗಿರಣಿಯ ಊರಿಗೆ ಹೋದವನ ಚರಿತ್ರೆಯನ್ನು ಬರೆದಿಟ್ಟುಕೊಳ್ಳುವವರು ಯಾರು? ಬಾಡಿಗೆಯ ಖೋಲಿಯಿಂದ ಖೋಲಿಗೆ ಹೋಗುವವನನ್ನು ಎತ್ತಿನ ಮೇಲೆ ಬರುವವನು ಎಲ್ಲಿ ಹುಡುಕಬೇಕು?

ನನ್ನ ಊರು ಏಕಸಂಬಿ. ದೂಧಗಂಗೆಯ ಸೇತುವೆ ದಾಟಿ ದಾನವಾಡವನ್ನು ಮುಟ್ಟಿದರೆ ಮಹಾರಾಷ್ಟ್ರ; ಇನ್ನೂ ಮುಂದೆ ಹೋದರೆ ಪಂಚಗಂಗೆಯ ದಂಡೆಯ ಇಚಲಕರಂಜಿ, ಯಂತ್ರಮಗ್ಗಗಳ ಊರು. ನಮ್ಮ ಕಡೆಯ ಎಷ್ಟೋ ಕನ್ನಡ ಮನೆತನಗಳು ಅಲ್ಲಿಗೆ ಹೋಗಿ ನೆಲೆಸಿವೆ. ಆ ಊರಿಗೆ ಮೊದಲ ಯಂತ್ರಮಗ್ಗವು 1904ರಲ್ಲಿ ಬಂದಿತೆಂಬುದೂ, ಅಂದಿನ ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಕೈಗಾರಿಕೆಗೆ ಆಸರೆಯಾದರೆಂಬುದೂ, 2022ರಲ್ಲಿ ಊರು ಮಹಾನಗರಪಾಲಿಕೆಯಾಯಿತೆಂಬುದೂ ಬರೆಹದಲ್ಲಿ ದೊರೆಯುತ್ತವೆ. ಆ ಮಗ್ಗಗಳ ಮುಂದೆ ಹನ್ನೆರಡು ಹನ್ನೆರಡು ತಾಸು ನಿಂತವರ ಹೆಸರುಗಳು ದೊರೆಯುವುದಿಲ್ಲ. ಇದು ಹೊಸ ಸಂಗತಿಯೇನೂ ಅಲ್ಲ. ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಲಣನು ನೇಮಿನಾಥ ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ನಮ್ಮ ಏಕಸಂಬಿಯ 1165ರ ಶಾಸನದಿಂದ ತಿಳಿಯುತ್ತೇವೆ. ಕಲ್ಲು ಹೊತ್ತವರನ್ನು ಆಗಲೂ ಯಾರು ಕೇಳಿದರು!

ಇಂಥ ಮನೆತನಗಳ ಅಡ್ಡಹೆಸರೇ ಒಂದು ಸಣ್ಣ ದಾಖಲೆ. ಏಕಸಂಬಿಯಲ್ಲಿ ಇರುವವನನ್ನು ಯಾರೂ ಏಕಸಂಬಿಯವನೆಂದು ಕರೆಯುವುದಿಲ್ಲ. ಹಾಗೆ ಕರೆಯುವ ಪ್ರಸಂಗವೇ ಬರುವುದಿಲ್ಲ. ಊರು ಬಿಟ್ಟವನಿಗೆ ಮಾತ್ರ ಊರಿನ ಹೆಸರು ಅಂಟಿಕೊಳ್ಳುತ್ತದೆ, ಮರಾಠಿಯ 'ಕರ್' ಬಾಲವನ್ನೂ ಕಟ್ಟಿಕೊಳ್ಳುತ್ತದೆ. ಇದರ ಮೇಲೆ ಗಡಿಯ ಕಥೆ ಬೇರೆ. 1949ರಲ್ಲಿ ಕೊಲ್ಹಾಪುರ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ನದಿಯ ಎರಡೂ ದಂಡೆ ಒಂದೇ ಆಡಳಿತದಲ್ಲಿದ್ದವು; 1956ರ ನವೆಂಬರ್ 1ರಂದು ಚಿಕ್ಕೋಡಿ ಮೈಸೂರು ರಾಜ್ಯಕ್ಕೆ ಬಂದಿತು, ಇಚಲಕರಂಜಿ ಮುಂಬಯಿಯಲ್ಲೇ ಉಳಿಯಿತು. ದುಡಿಯಲು ಹೋಗುವವರು ಇದಕ್ಕಾಗಿ ನಿಲ್ಲಲಿಲ್ಲ. ಮಕ್ಕಳ ಶಾಲೆಯ ಭಾಷೆ ಮಾತ್ರ ಬೇರೆಯಾಯಿತು.

ಅದರ ಫಲವನ್ನು ನಾನು ನಮ್ಮ ಬಳಗದವರ ಮನೆಯಲ್ಲಿ ಕಂಡೆ. ಅಜ್ಜನಿಗೆ ಊರಿನಿಂದ ಬಂದ ಅಂಚೆಕಾರ್ಡುಗಳು ಒಂದು ತಗಡಿನ ಪೆಟ್ಟಿಗೆಯ ತುಂಬ ಇದ್ದವು. ಮೊಮ್ಮಕ್ಕಳು ಅವನ್ನು ಜೋಪಾನವಾಗಿ ಇಟ್ಟಿದ್ದರು, ಆದರೆ ಓದಲಾರರು: ಕಾರ್ಡುಗಳು ಕನ್ನಡದಲ್ಲಿ, ಅವರ ಓದು ಮರಾಠಿಯಲ್ಲಿ. ನನ್ನನ್ನು ಕರೆಸಿ ಓದಿಸಿದರು. ದೊಡ್ಡ ಸಂಗತಿ ಏನೂ ಇರಲಿಲ್ಲ. ಮನಿಆರ್ಡರು ಮುಟ್ಟಿತು, ಎಮ್ಮೆ ಈಯಿತು, ಹಗೇವಿಗೆ ನೀರು ಹೊಕ್ಕು ಜೋಳ ಕೆಟ್ಟಿತು. ಹಗೇವು ಎಂದರೇನೆಂದು ಹುಡುಗನೊಬ್ಬ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ 'ಪೇವ' ಎಂದರು. ಆಮೇಲೆ ತಾವಾಗಿ ಹೇಳತೊಡಗಿದರು: ನೆಲದೊಳಗಿನ ಆ ಕಣಜದ ಬಾಯಿ ತೆರೆದ ಕೂಡಲೇ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ಕಾಯಬೇಕು, ದೀಪ ಇಳಿಬಿಟ್ಟು ನೋಡಬೇಕು, ಸಣ್ಣ ಹುಡುಗಿಯಾದ ತನ್ನನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದರು. ಮನೆಯವರು ಆ ಮಾತನ್ನು ಅದುವರೆಗೆ ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲವಾದ್ದರಿಂದ ಅವರೂ ಹೇಳಿರಲಿಲ್ಲ.

ಕೇಳುವುದಕ್ಕೂ ಒಂದು ಕ್ರಮವಿದೆ. 'ಯಾವ ಇಸವಿಯಲ್ಲಿ ಬಂದಿರಿ' ಎಂದರೆ ಹಿರಿಯರು ಸುಮ್ಮನಾಗುತ್ತಾರೆ, ಇಲ್ಲವೆ ಬಾಯಿಗೆ ಬಂದ ಇಸವಿ ಹೇಳುತ್ತಾರೆ. ಅವರ ಪಂಚಾಂಗವೇ ಬೇರೆ. ಮಾನಮೋಡಿ ಬೇನೆಯಲ್ಲಿ ತಾಯಿ ಸತ್ತಳೆಂದರೆ ಅದು 1918ರ ಇನ್ಫ್ಲುಯೆಂಜಾ. ಬೆಳಗಿನ ಜಾವ ಭೂಮಿ ನಡುಗಿ ತೊಟ್ಟಿಲು ತೂಗಿತೆಂದರೆ 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ. ಕಲ್ಲು ಒಡೆಯುವ ಬರಗಾಲದ ಕಾಮಗಾರಿ 1972ರದು. ಮಹಾಪೂರವೆಂದರೆ 2005ರದೋ 2019ರದೋ ಎಂದು ಮತ್ತೆ ಕೇಳಬೇಕು. ಇಸವಿಗಿಂತ ಹೆಚ್ಚು ಬೆಲೆಯುಳ್ಳದ್ದು ಹೊರಟ ಕಾರಣ, ಮತ್ತು ಅದನ್ನು ಒಬ್ಬರ ಬಾಯಿಂದಷ್ಟೇ ಕೇಳಿ ನಂಬಬಾರದು. ಅಣ್ಣ ಬರಗಾಲವೆನ್ನುತ್ತಾನೆ, ತಮ್ಮ ಪಾಲಿನ ಜಗಳವೆನ್ನುತ್ತಾನೆ. ಇಬ್ಬರನ್ನೂ ಮೊದಲು ಬೇರೆ ಬೇರೆಯಾಗಿ ಕೇಳಿ ಬರೆದುಕೊಂಡು, ಆಮೇಲೆ ಒಟ್ಟಿಗೆ ಕೂಡಿಸಿದರೆ, ಇಬ್ಬರೂ ಹೇಳದಿದ್ದ ಸಾಲದ ಮಾತು ಹೊರಬೀಳುತ್ತದೆ. ನೆನಪನ್ನು ಹಂಚಿಕೊಳ್ಳಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ; ಬರೇ ಹಳಹಳಿಕೆಗೆ ಅಲ್ಲ.

ಕಸುಬಿನ ಮಾತುಗಳನ್ನೂ ಬರೆದುಕೊಳ್ಳಬೇಕು. ಕೈಮಗ್ಗ ಬಲ್ಲ ತಲೆ ಲಾಳಿ ಎಂದದ್ದನ್ನು ಯಂತ್ರಮಗ್ಗದ ತಲೆ ಧೋಟಾ ಎನ್ನುತ್ತದೆ. ಹಣಿಗೆ ಫಣಿಯಾಗುತ್ತದೆ, ಕಂಡಿಕೆ ಕಾಂಡಿಯಾಗುತ್ತದೆ. ಆ ಕಾಂಡಿ ಸುತ್ತಿದ ಕೈಗಳು ಬಹುಮಟ್ಟಿಗೆ ಹೆಂಗಸರವು. 'ನಾನೇನು ದುಡಿದೆ, ಮನೆಯಲ್ಲಿದ್ದೆ' ಎನ್ನುವ ಮುದುಕಿಯೇ ದಿನಕ್ಕೆ ಎಷ್ಟು ಕಾಂಡಿ ಸುತ್ತುತ್ತಿದ್ದಳೆಂಬುದನ್ನು ಬೆರಳೆಣಿಸಿ ಹೇಳಬಲ್ಲಳು. ಈ ಕೆಲಸವನ್ನು ಸಕಾಲದಲ್ಲಿ ಮಾಡಿದ ಉದಾಹರಣೆ ನಮ್ಮ ಪಕ್ಕದ ನಿಪ್ಪಾಣಿಯಲ್ಲೇ ಇದೆ. ಅಲ್ಲಿಯ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರ ಸಂಘಟನೆಯನ್ನು ಕುರಿತು ದೀಪಾ ಧನರಾಜ್ ಮತ್ತು ಅವರ ಯುಗಾಂತರ ಬಳಗ 1982ರಲ್ಲಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರ ಮಾಡಿತು. ಆ ಹೆಂಗಸರು ತಮ್ಮ ಬದುಕನ್ನು ತಾವೇ ಹೇಳಿದ ಮಾತು ಇಂದಿಗೂ ಕೇಳಸಿಗುತ್ತದೆ. ಇಚಲಕರಂಜಿಯ ಕಾಂಡಿಯ ಹೆಂಗಸರಿಗೆ ಕ್ಯಾಮೆರಾ ಬರುವವರೆಗೆ ಕಾಯಬೇಕಾಗಿಲ್ಲ. ಮೊಮ್ಮಕ್ಕಳ ಕಿಸೆಯಲ್ಲಿ ಧ್ವನಿ ಹಿಡಿಯುವ ಫೋನು ಇದೆ.

ಈಚಿನ ವರ್ಷಗಳಲ್ಲಿ ಲಾಳಿಯ ಹಳೆಯ ಮಗ್ಗಗಳು ಗುಜರಿಯ ತೂಕಕ್ಕೆ ಹೋಗುತ್ತಿವೆ, ಲಾಳಿಯಿಲ್ಲದ ಹೊಸ ಯಂತ್ರಗಳು ಬರುತ್ತಿವೆ. ಸಾಲಿನಲ್ಲಿ ಯಾವ ಮಗ್ಗ ಕೆಟ್ಟಿದೆಯೆಂಬುದನ್ನು ಸಪ್ಪಳದಿಂದಲೇ ಹೇಳುವ ಜಾಬರ್‌ಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರಲ್ಲಿ ಬಹುಮಂದಿಗೆ ಅದೇ ಸಪ್ಪಳದಿಂದ ಕಿವಿ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಕೇಳಲು ಹೋಗುವಾಗ ಮನೆಯಲ್ಲಿರುವ ಹಳೆಯ ಭಾವಚಿತ್ರಗಳನ್ನು ಜೊತೆಗೆ ಒಯ್ಯಿರಿ. ಮುಖ ನೋಡಿದರೆ ಮಾತು ಬರುತ್ತದೆ. ಅವರು ಹೇಳಿದ ಹೆಸರುಗಳನ್ನು ಚಿತ್ರದ ಹಿಂಬದಿಗೆ ಎಡದಿಂದ ಬಲಕ್ಕೆ, ಕನ್ನಡದಲ್ಲಿಯೂ ಮರಾಠಿಯಲ್ಲಿಯೂ, ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಶಾಯಿ ಬೇಡ, ಅದು ಮುಂಬದಿಗೆ ಮೂಡುತ್ತದೆ.