ಅರ್ಧಕ್ಕೆ ನಿಲ್ಲುವ ಧ್ವನಿವಿಶ್ಲೇಷಣೆ: ಜಾಲದ ಮೂಲಕ ತೆರೆದ ಕ್ಷೇತ್ರಮುದ್ರಿಕೆಗಳ ಪರಿಶೀಲನೆ

ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬ, ಬೆಟ್ಟಕುರುಬ ಹಾಗೂ ಯರವ ನುಡಿಗಳು ಬಳಕೆಯಲ್ಲಿವೆ. ಕೃಷ್ಣರಾಜನಗರದ ಬಯಲಿನಲ್ಲಿ ಮೈಸೂರು ಕನ್ನಡವಿದೆ. ಇಂತಹ ನುಡಿಗಳ ಕ್ಷೇತ್ರಮುದ್ರಿಕೆಗಳನ್ನು ಸರ್ವರಿನಲ್ಲಿರಿಸಿ, ಜಾಲದ ಮೂಲಕವೇ ತೆರೆದು ವಿಶ್ಲೇಷಿಸುವ ರೂಢಿ ಬೆಳೆದಿದೆ. ಸಂದರ್ಶನದಲ್ಲಿ ಸಾಮಾನ್ಯವಾಗಿ ಪದಪಟ್ಟಿ ಮೊದಲು, ಕಥನ ಮತ್ತು ಸಹಜ ಮಾತುಕತೆ ಕೊನೆಗೆ ಬರುತ್ತವೆ. ಆದುದರಿಂದ ಕಡತದ ಬಾಲ ಕತ್ತರಿಸಿದರೆ ನಷ್ಟವಾಗುವುದು ಸಹಜ ಮಾತೇ. ಆಗ ‘ಈ ರೂಪವು ಕಂಡುಬರುವುದಿಲ್ಲ’ ಎಂಬ ನಿರ್ಣಯಕ್ಕೆ ಆಧಾರ ಭಾಷೆಯೋ ಬೈಟುಗಳ ಅಭಾವವೋ ಎಂಬ ಪ್ರಶ್ನೆ ಏಳುತ್ತದೆ.

ಮೊದಲು ಜಾಲಕ್ಕೆ ಸಂಬಂಧಿಸದ ಕಾರಣವನ್ನು ಬದಿಗಿಡಬೇಕು. ಪ್ರಾಟ್ ತಂತ್ರಾಂಶದಲ್ಲಿ ಕಿಟಕಿಯ ಅವಧಿಯು ನಿಗದಿತ ಗರಿಷ್ಠ ವಿಶ್ಲೇಷಣಾವಧಿಯನ್ನು ಮೀರಿದರೆ ಮೂಲ ಕಂಪನಾಂಕದ ರೇಖೆ ಮೂಡುವುದೇ ಇಲ್ಲ. ಹಿಗ್ಗಿಸಿ ನೋಡಿದಾಗ ರೇಖೆ ಮೂಡಿದರೆ ಕಡತದಲ್ಲಿ ದೋಷವಿಲ್ಲ.

ಮುಂದಿನದು ಸರಳ ಗುಣಾಕಾರ. ಸಂಕುಚಿಸದ ವೇವ್ ಕಡತದಲ್ಲಿ, 44.1 ಕಿಲೋಹರ್ಟ್ಸ್, 16 ಬಿಟ್, ಒಂದೇ ವಾಹಿನಿಯಾದರೆ ಸೆಕೆಂಡಿಗೆ 88,200 ಬೈಟ್. ಒಂದು ಗಂಟೆಗೆ 31,75,20,000 ಬೈಟ್. ಕಡತದ ಆರಂಭದಲ್ಲಿರುವ ಹೆಡರ್ ಈ ಮೊತ್ತವನ್ನು ಮುಂಚಿತವಾಗಿಯೇ ಘೋಷಿಸುತ್ತದೆ. ರವಾನೆ ನಡುವೆ ಕಡಿದು 21,16,80,000 ಬೈಟ್ ಮಾತ್ರ ತಲುಪಿದ್ದರೂ ಹೆಡರ್ ಒಂದು ಗಂಟೆಯೆಂದೇ ಹೇಳುತ್ತಿರುತ್ತದೆ. ಇರುವುದು 40 ನಿಮಿಷ. ಕೆಲವು ತಂತ್ರಾಂಶಗಳು ದೋಷವನ್ನು ಸೂಚಿಸಿ ನಿಲ್ಲುತ್ತವೆ, ಕೆಲವು ಸದ್ದಿಲ್ಲದೆ ಇದ್ದಷ್ಟನ್ನೇ ಓದುತ್ತವೆ. ಎರಡನೆಯ ವರ್ಗವೇ ಅಪಾಯಕಾರಿ. ಎಂಪಿ4 ದೃಶ್ಯಕಡತದ ಸೂಚಿಯು ಅನೇಕ ವೇಳೆ ಕೊನೆಯಲ್ಲಿರುವುದರಿಂದ ಅಪೂರ್ಣ ಪ್ರತಿ ತೆರೆಯುವುದೇ ಇಲ್ಲ. ಸಂಶೋಧಕರಿಗೆ ಅದು ಕಿರಿಕಿರಿ, ಆದರೆ ಪ್ರಾಮಾಣಿಕ ಕಿರಿಕಿರಿ.

ಗಾತ್ರವೊಂದನ್ನೇ ನಂಬಲಾಗದು. ಮೇಘಸಂಗ್ರಹದ ಕೆಲವು ವ್ಯವಸ್ಥೆಗಳು ಒಳಹೂರಣ ಇಳಿಯುವ ಮೊದಲೇ ಪೂರ್ಣ ಗಾತ್ರವನ್ನು ತೋರಿಸುತ್ತವೆ. ಆದಕಾರಣ ಹಾಡಿಯಿಂದ ಹಿಂದಿರುಗಿದ ದಿನವೇ ಮೂಲಕಡತದ ಚೆಕ್‌ಸಮ್ ದಾಖಲಿಸಿ, ಸ್ಥಳೀಯ ಡಿಸ್ಕಿಗೆ ನಕಲಿಸಿದ ಪ್ರತಿಯ ಚೆಕ್‌ಸಮ್‌ನೊಡನೆ ಹೋಲಿಸುವುದನ್ನು ನಾವು ಸೂಚಿಸುತ್ತೇವೆ. ಎರಡೂ ಹೊಂದಿ, ಸ್ಥಳೀಯ ಪ್ರತಿಯ ವಿಶ್ಲೇಷಣೆ ಪೂರ್ಣಗೊಂಡರೆ ದೋಷವು ಸಂಪರ್ಕದ್ದು. ಹೊಂದದಿದ್ದರೆ ಮತ್ತೆ ನಕಲಿಸಬೇಕು. ಸರ್ವರಿನ ಪ್ರತಿಯೇ ತುಂಡಾಗಿದ್ದರೆ ಉಳಿಯುವ ದಾರಿ ಮುದ್ರಣಯಂತ್ರದ ಕಾರ್ಡು. ಅದನ್ನು ಅಳಿಸುವ ಆತುರ ಬೇಡ.

ಎಲಾನ್ ಬಳಸುವವರಿಗೆ ಇನ್ನೊಂದು ಮಾತು. ಅದರ ಟಿಪ್ಪಣಿ ಕಡತವು ಧ್ವನಿಯನ್ನು ಒಳಗೊಳ್ಳುವುದಿಲ್ಲ; ಧ್ವನಿಕಡತದ ವಿಳಾಸವನ್ನೂ ಮಿಲಿಸೆಕೆಂಡುಗಳಲ್ಲಿ ಕಾಲಬಿಂದುಗಳನ್ನೂ ಮಾತ್ರ ಇರಿಸಿಕೊಳ್ಳುತ್ತದೆ. ಸ್ಥಳೀಯ ಪ್ರತಿ ಮಾಡಿಯೂ ಹಳೆಯ ಜಾಲವಿಳಾಸವನ್ನೇ ಉಳಿಸಿದರೆ ವಿಶ್ಲೇಷಣೆ ಮತ್ತೆ ಸರ್ವರಿನ ಪ್ರತಿಯ ಮೇಲೆಯೇ ನಡೆಯಬಹುದು. ಮರಳಿ ದೊರೆಯದ ಭಾಗವನ್ನು ಲಿಪ್ಯಂಕನದಲ್ಲಿ ಖಾಲಿ ಬಿಟ್ಟರೆ ಓದುಗರು ಅದನ್ನು ಮೌನವೆಂದು ತಿಳಿಯಬಹುದು. ಪ್ರತ್ಯೇಕ ಪದರವೊಂದರಲ್ಲಿ ‘ಧ್ವನಿ ಲಭ್ಯವಿಲ್ಲ’ ಎಂದು ಗುರುತಿಸಿ, ಆವೃತ್ತಿ ಎಣಿಕೆಯ ಛೇದದಿಂದ ಆ ನಿಮಿಷಗಳನ್ನು ಕಳೆಯಬೇಕು.