ಕೊಂಡ ಪುಸ್ತಕ ನಿಮ್ಮದೇನಾ?

2009ರ ಜುಲೈ. ಅಮೆರಿಕದಲ್ಲಿ ಕೆಲವರು ಅಮೆಜಾನ್‌ನ ಇ-ಬುಕ್ ಓದುವ ಸಾಧನ ಕಿಂಡಲ್ ತೆಗೆದು ನೋಡಿದ್ರೆ, ದುಡ್ಡು ಕೊಟ್ಟು ಕೊಂಡಿದ್ದ ಪುಸ್ತಕವೇ ಮಾಯ! ಯಾವ ಪುಸ್ತಕ ಗೊತ್ತಾ? ಜಾರ್ಜ್ ಆರ್ವೆಲ್‌ನ ‘1984’. ಬೇಡದ ಬರಹವನ್ನೆಲ್ಲ ಸರ್ಕಾರವೇ ಬೆಂಕಿಗೆ ಹಾಕುವ ಕತೆ ಅದು!

ಮಾರಿದವರಿಗೆ ಹಕ್ಕೇ ಇರಲಿಲ್ಲ ಅಂತ ಅಮೆಜಾನ್ ಕೂತಲ್ಲಿಂದಲೇ ಅಳಿಸಿತ್ತು. ದುಡ್ಡು ವಾಪಸ್ ಬಂತು, ಆಮೇಲೆ ಕ್ಷಮೆನೂ ಕೇಳಿತು. ಆದ್ರೆ ಒಬ್ಬ ಹೈಸ್ಕೂಲ್ ಹುಡುಗ ಶಾಲೆಗೆ ಅಂತ ಮಾಡ್ಕೊಂಡಿದ್ದ ಟಿಪ್ಪಣಿ? ಪುಟವೇ ಇಲ್ಲದ ಮೇಲೆ ಯಾವುದು ಯಾವ ಸಾಲಿಗೆ ಅಂತ ತಿಳಿಯೋದು ಹೇಗೆ! ಅವನು ಕೋರ್ಟಿಗೇ ಹೋದ.

ಇ-ಬುಕ್‌ನಲ್ಲಿ ನಾವು ಕೊಳ್ಳೋದು ಹೆಚ್ಚಾಗಿ ಓದುವ ಪರವಾನಗಿ, ಪುಸ್ತಕ ಅಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಬುಕ್ ಅಂಗಡಿ ಮುಚ್ಚಿದಾಗ, ಪುಕ್ಕಟೆ ಸಿಕ್ಕಿದ್ದ ಪುಸ್ತಕಗಳೂ ಹೋದವು.

ಹಾಗಂತ ನಾನೇನು ಇ-ಬುಕ್ ವಿರೋಧಿ ಅಲ್ಲ. ಅಕ್ಷರ ದೊಡ್ಡದು ಮಾಡ್ಕೊಂಡು ಓದೋ ಅಜ್ಜಿಯರನ್ನ ಕೇಳಿ!

ಆದ್ರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡ ಹಳೇ ಕಾದಂಬರಿಯೊಂದು ನನ್ನ ಹತ್ರ ಇದೆ. ಮೊದಲ ಪುಟದಲ್ಲಿ ಯಾರೋ ಇಂಕ್ ಪೆನ್ನಲ್ಲಿ ಬರೆದಿದ್ದಾರೆ: ‘ಓದಿ ವಾಪಸ್ ಕೊಡು.’

ಪಾಪ, ಕೊಟ್ಟಿಲ್ಲ.