ನೋವು ನಿಂತ ಹಲ್ಲು ಮತ್ತು ದವಡೆಯ ನೀರುಗಂಟು

ಕುಟುಂಬ ಕ್ಷೇಮವೆಂದರೆ ಹೆರಿಗೆ ಮತ್ತು ಶಿಶುಪಾಲನೆ ಮಾತ್ರವಲ್ಲ. ಪತಿಪತ್ನಿಯರಿಬ್ಬರ ದೇಹಾರೋಗ್ಯವೂ ಅದರಲ್ಲಿ ಅಡಕವಾಗಿದೆ. ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆನಾಡಿನಲ್ಲಿ ಹಲ್ಲುನೋವು ಬಂದಾಗ ಲವಂಗದ ಎಣ್ಣೆ ಹಚ್ಚಿ, ಮಾತ್ರೆ ನುಂಗಿ, ಮಳೆಗಾಲ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ ಎಂದು ಚಿಕಿತ್ಸೆಯನ್ನು ಮುಂದೂಡುವವರುಂಟು. ಕೆಲವು ದಿನಗಳ ತರುವಾಯ ನೋವು ತಾನಾಗಿಯೇ ನಿಂತರೆ ರೋಗ ವಾಸಿಯಾಯಿತೆಂದು ಭಾವಿಸುತ್ತಾರೆ. ಇದು ತಪ್ಪು ತಿಳಿವಳಿಕೆ. ಹಲವು ವೇಳೆ ನೋವು ನಿಲ್ಲುವುದು ಹಲ್ಲಿನೊಳಗಿನ ನರವು ಸತ್ತುಹೋದ ಕಾರಣದಿಂದ. ಆ ಬಳಿಕ ಬೇರಿನ ತುದಿಯಲ್ಲಿ ನೀರುಗಂಟು ಬೆಳೆಯುವ ಸಂಭವವಿದೆ. ಇದನ್ನು ವೈದ್ಯರು 'ಸಿಸ್ಟ್' ಎನ್ನುತ್ತಾರೆ.

ಗಂಟು ಹುಟ್ಟುವ ಬಗೆ

ಹುಳುಕು ಆಳಕ್ಕಿಳಿದಾಗ ರೋಗಾಣುಗಳು ಹಲ್ಲಿನ ನಾಳದಲ್ಲಿ ನೆಲೆಸುತ್ತವೆ. ಸತ್ತ ಹಲ್ಲಿನೊಳಗೆ ರಕ್ತಸಂಚಾರವಿಲ್ಲ. ಆದುದರಿಂದ ದೇಹದ ರಕ್ಷಕರಾದ ಬಿಳಿ ರಕ್ತಕಣಗಳು ಅಲ್ಲಿಗೆ ಪ್ರವೇಶಿಸಲಾರವು. ಅವು ಬೇರಿನ ತುದಿಯಲ್ಲೇ ಕಾವಲು ನಿಲ್ಲುತ್ತವೆ. ಮೊದಲು ಬರುವ ಕಣಗಳು ಹೊರಬಂದ ರೋಗಾಣುಗಳನ್ನು ನುಂಗಿ ತಾವೂ ಸಾಯುತ್ತವೆ. ಕೀವು ಆಗುವುದು ಹೀಗೆ. ಅನಂತರ ಕಸವನ್ನು ಕಬಳಿಸುವ ದೊಡ್ಡ ಕಣಗಳೂ, ರೋಗಾಣುಗಳಿಗೆ ಪ್ರತಿವಸ್ತುಗಳನ್ನು ತಯಾರಿಸುವ ಕಣಗಳೂ ಬಂದು ಸೇರುತ್ತವೆ. ಈ ಹೋರಾಟಕ್ಕೇ ಉರಿಯೂತವೆಂದು ಹೆಸರು.

ಶತ್ರುವು ನಾಳದೊಳಗೆ ಸುರಕ್ಷಿತವಾಗಿರುವ ತನಕ ಹೋರಾಟವು ಮುಗಿಯದು. ರಕ್ಷಕ ಕಣಗಳು ಸ್ರವಿಸುವ ರಾಸಾಯನಿಕಗಳು ಸುತ್ತಲಿನ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಪ್ರಚೋದಿಸುತ್ತವೆ. ಅಲ್ಲದೆ, ಹಲ್ಲು ರೂಪುಗೊಂಡ ಕಾಲದಿಂದ ಬೇರಿನ ಬಳಿ ಉಳಿದುಕೊಂಡ ಜೀವಕೋಶಗಳ ಚಿಕ್ಕ ಗುಂಪುಗಳೂ ಬೆಳೆಯತೊಡಗುತ್ತವೆ. ಇವನ್ನು 1880ರ ದಶಕದಲ್ಲಿ ವಿವರಿಸಿದವರು ಫ್ರಾನ್ಸಿನ ಮಲಾಸೆ ಎಂಬ ವಿಜ್ಞಾನಿ. ಬೆಳೆದ ಗುಂಪಿನ ನಡುಭಾಗ ಸತ್ತು, ಚೀಲದಂತಾಗಿ, ಸುತ್ತಲಿನ ನೀರನ್ನು ಒಳಗೆಳೆದುಕೊಂಡು ನಿಧಾನವಾಗಿ ಹಿಗ್ಗುತ್ತದೆ. ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡ ಮೊದಲಿಗೆ ಹಸಿರಾಗಿಯೇ ಕಾಣುವಂತೆ, ದವಡೆಯೂ ಹೊರಗೆ ಚೆನ್ನಾಗಿದ್ದು ಒಳಗೆ ಟೊಳ್ಳಾಗುತ್ತಿರಬಹುದು.

ಲಕ್ಷಣಗಳು

ಈ ಗಂಟು ಮೇಲಿನ ಮುಂಭಾಗದ ಹಲ್ಲುಗಳಲ್ಲಿ ಹೆಚ್ಚು. ಹಲ್ಲು ಬಣ್ಣಗೆಡುವುದು, ಅಲುಗಾಡುವುದು, ಒಸಡಿನಲ್ಲಿ ನೋವಿಲ್ಲದ ಊತ, ಆಗಾಗ್ಗೆ ಕೀವು ಒಸರುವುದು ಇದರ ಲಕ್ಷಣಗಳು. ಅನೇಕರಲ್ಲಿ ಯಾವ ಲಕ್ಷಣವೂ ಇಲ್ಲದೆ ಎಕ್ಸ್‌ರೇಯಲ್ಲಿ ಮಾತ್ರ ಕಂಡುಬರುತ್ತದೆ. ಜ್ವರ, ಬಾಯಿ ತೆರೆಯಲಾಗದಿರುವುದು, ದವಡೆಯ ಕೆಳಗೆ ಊತ, ನುಂಗಲು ಅಥವಾ ಉಸಿರಾಡಲು ಕಷ್ಟ ಕಂಡುಬಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗತಕ್ಕದ್ದು.

ಚಿಕಿತ್ಸೆ

ಕೇವಲ ಮಾತ್ರೆಗಳಿಂದ ಇದು ಗುಣವಾಗದು. ರಕ್ತ ಹರಿಯದ ನಾಳಕ್ಕೆ ಔಷಧಿಯೂ ತಲುಪದು. ನಾಳವನ್ನು ಶುಚಿಗೊಳಿಸಿ ತುಂಬಬೇಕು, ಇಲ್ಲವೇ ಹಲ್ಲನ್ನು ಕೀಳಬೇಕು. ಮೂಲ ನಿವಾರಣೆಯಾದರೆ ಸಣ್ಣ ಗಂಟು ಕ್ರಮೇಣ ಕುಗ್ಗಿ ಮೂಳೆ ಮತ್ತೆ ತುಂಬಿಕೊಳ್ಳುವುದುಂಟು. ದೊಡ್ಡದಾದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ತೆಗೆದ ಚೀಲವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸುವುದು ಅಗತ್ಯ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಅಥವಾ ಆಲೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿರಿ. ಅವಶ್ಯವಿದ್ದರೆ ವೈದ್ಯರು ಹಾಸನಕ್ಕೆ ಕಳುಹಿಸುವರು.

ಗರ್ಭಿಣಿಯರ ಗಮನಕ್ಕೆ

ಬಸುರಿಯಲ್ಲಿ ಹಲ್ಲಿನ ಚಿಕಿತ್ಸೆ ಕೂಡದೆಂಬ ನಂಬಿಕೆ ಸರಿಯಲ್ಲ. ನಾಲ್ಕರಿಂದ ಆರನೆಯ ತಿಂಗಳವರೆಗಿನ ಅವಧಿ ಇದಕ್ಕೆ ಅನುಕೂಲಕರ. ಕೀವು, ಜ್ವರಗಳಿದ್ದರೆ ಯಾವ ತಿಂಗಳಾದರೂ ಕಾಯಬಾರದು. ಗರ್ಭಿಣಿಯೆಂಬುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಅವುಗಳಲ್ಲಿ ಕೆಲವು ಗರ್ಭಸ್ಥ ಶಿಶುವಿಗೆ ಹಾನಿಕರ. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಹಲ್ಲಿನ ತೊಂದರೆಯನ್ನೂ ಹೇಳಿಕೊಳ್ಳಿರಿ.

ದಂಪತಿಗಳ ಕರ್ತವ್ಯ

ಮನೆಯವರೆಲ್ಲರ ಊಟೋಪಚಾರವಾದ ಮೇಲೆ ತನ್ನ ನೋವನ್ನು ನೆನೆಯುವ ಗೃಹಿಣಿ ಅದನ್ನು ಬಾಯಿಬಿಟ್ಟು ಹೇಳುವುದು ವಿರಳ. ಪತಿಯು ತಾನಾಗಿ ವಿಚಾರಿಸಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ತನ್ನ ಹಲ್ಲನ್ನೂ ತೋರಿಸಿಕೊಳ್ಳಬೇಕು. ದಿನಕ್ಕೆರಡು ಬಾರಿ ಹಲ್ಲುಜ್ಜುವುದು, ಸಿಹಿ ತಿಂಡಿಯನ್ನು ಮಿತಗೊಳಿಸುವುದು, ಹುಳುಕು ಸಣ್ಣದಿರುವಾಗಲೇ ತುಂಬಿಸಿಕೊಳ್ಳುವುದು, ಇವಿಷ್ಟನ್ನು ಪಾಲಿಸಿದರೆ ಗಂಟಿನ ಭಯ ಬಹುಮಟ್ಟಿಗೆ ದೂರವಾಗುತ್ತದೆ. ನೋವಿದ್ದಾಗ ಹೋಗಲಾಗದಿದ್ದರೆ, ನೋವು ನಿಂತ ಮೇಲಾದರೂ ತಪ್ಪದೆ ಹೋಗಿರಿ.